ನಾಲ್ಕನೇ ಸುತ್ತು

"ಅವಳು ಮನೇಲೇ ಇರ್ತಾಳೆ. ಅವಳಿಗೆ ಕೆಲಸ ಗಿಲಸ ಏನೂ ಬೇಕಾಗಿಲ್ಲ. ಹಾಗಂತ ಬರ್ಕೊಳ್ಳಿ," ಎಂದ ಅಣ್ಣ.

ಸರ್ವೆಗೆ ಬಂದವನು ಬರೆದುಕೊಳ್ಳಲಿಲ್ಲ. ತೊಡೆಯ ಮೇಲಿನ ಟ್ಯಾಬ್‌ನಿಂದ ತಲೆಯೆತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಅಲ್ಲಿ ತಂಗಿ ಪುಟ್ಟಿ ನಿಂತಿದ್ದಳು. ಅಣ್ಣನ ಅವಳಿ ಮಕ್ಕಳಲ್ಲಿ ಒಂದು ಅವಳ ಕಂಕುಳಲ್ಲಿತ್ತು, ಇನ್ನೊಂದು ಕಾಲಿಗೆ ಸುತ್ತಿಕೊಂಡಿತ್ತು.

"ತಪ್ಪು ತಿಳ್ಕೋಬೇಡಿ ಸಾರ್. ದೊಡ್ಡವರೆಲ್ಲ ಅವರವರ ಉತ್ತರ ಅವರವರೇ ಹೇಳ್ಬೇಕು. ಮೇಡಂ, ಅವಕಾಶ ಸಿಕ್ಕಿದ್ರೆ ಏನಾದ್ರೂ ತರಬೇತಿ ತಗೊಂಡು ಕೆಲಸಕ್ಕೆ ಸೇರೋ ಇಷ್ಟ ಇದೆಯಾ ನಿಮಗೆ?"

ಪುಟ್ಟಿ ಅಣ್ಣನ ಮುಖ ನೋಡಿದಳು. "ಇಲ್ಲ" ಎಂದಳು.

ರಾಜ್ಯದ ಎಲ್ಲ ಜಿಲ್ಲೆಗಳಲ್ಲೂ ಆ ವರ್ಷ ಸರ್ವೆ ನಡೆಯುತ್ತಿತ್ತು. ಯಾರು ಎಷ್ಟು ಓದಿದ್ದಾರೆ, ಏನು ಕೆಲಸ ಮಾಡುತ್ತಾರೆ, ಇನ್ನೇನು ಕಲಿಯಬೇಕೆಂದಿದ್ದಾರೆ ಎಂದು ಕೇಳಿ, ಯಾವ ಊರಿನಲ್ಲಿ ಯಾವ ಕೋರ್ಸ್ ಇಡಬೇಕು, ಯಾವುದನ್ನು ಮುಚ್ಚಬೇಕು ಎಂದು ಇಲಾಖೆ ತೀರ್ಮಾನಿಸುವುದಿತ್ತು. ಆರಿಸಿದ ಮನೆಗಳಿಗೆ ಮೂರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸುತ್ತು ಬರುತ್ತಿದ್ದರು. ಮೂರನೇ ಮಹಡಿಯ ಈ ಮನೆ ಆ ಪಟ್ಟಿಯಲ್ಲಿ ಸಿಕ್ಕಿಬಿದ್ದಿತ್ತು.

ಅಣ್ಣನಿಗೆ ಫೋನ್ ಬಂತು. ಅವನು ಬಸ್ ಡಿಪೋದಲ್ಲಿ ಟೈಮ್‌ಕೀಪರ್. ಮಾತಾಡುತ್ತಾ ಒಳಗೆ ಹೋದ. ಸರ್ವೆಯವನು ಟ್ಯಾಬ್ ಮಡಚಿ, "ತುಂಬಾ ಥ್ಯಾಂಕ್ಸ್ ಮೇಡಂ" ಎಂದು ನಕ್ಕ. ನಕ್ಕವನು ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

"ಮುಂದಿನ ಹಲ್ಲು ಯಾರು ಮಾಡಿದ್ದು?" ಪುಟ್ಟಿಯ ಬಾಯಿಂದ ಮಾತು ಜಾರಿಬಿಟ್ಟಿತು.

"ಅಯ್ಯೋ, ಅಷ್ಟು ಗೊತ್ತಾಗತ್ತಾ?"

"ಪಕ್ಕದ ಹಲ್ಲಿಗಿಂತ ಒಂದು ಶೇಡ್ ಬಿಳಿ ಜಾಸ್ತಿ. ತುದೀನೂ ಸ್ಕೇಲ್ ಇಟ್ಟು ಗೆರೆ ಎಳೆದ ಹಾಗಿದೆ. ನಿಜವಾದ ಹಲ್ಲು ಹಾಗಿರಲ್ಲ, ಸ್ವಲ್ಪ ಸೊಟ್ಟ ಇರತ್ತೆ."

ಅವನು ಕೈ ತೆಗೆದ. ಅವಳನ್ನೇ ನೋಡಿದ. ಏನೂ ಬೇಡ ಎಂದು ಈಗಷ್ಟೇ ಹೇಳಿದ ಹೆಂಗಸಿನ ಕಣ್ಣು ತನ್ನ ಹಲ್ಲಿನ ಮೇಲೆ ಕುಶಲಕರ್ಮಿಯ ಕಣ್ಣಿನಂತೆ ನೆಟ್ಟಿತ್ತು. ಅದು ಅವಳಿಗೂ ಅರಿವಾಗಿ, ಕಿವಿಯವರೆಗೆ ಕೆಂಪಾಗಿ, ಮಗುವಿನ ಮೂಗು ಒರೆಸತೊಡಗಿದಳು. ಆ ಮಗುವಿಗೆ ಮೂಗು ಸೋರುತ್ತಲೇ ಇರಲಿಲ್ಲ.

ಮೂವತ್ತಮೂರಾದರೂ ಮನೆಯಲ್ಲಿ ಅವಳು ಪುಟ್ಟಿಯೇ. ಡೆಂಟಲ್ ಟೆಕ್ನಿಷಿಯನ್ ಕೋರ್ಸಿನಲ್ಲಿ ಎರಡು ವರ್ಷದ ಪೈಕಿ ಒಂದು ವರ್ಷ ಮುಗಿಸಿದ್ದಳು. ಮೇಣದಲ್ಲಿ ಹಲ್ಲು ಕೆತ್ತಿ, ಅಚ್ಚು ತೆಗೆದು, ಉಜ್ಜಿ, ಹೊಳಪು ಕೊಡುವುದರಲ್ಲಿ ಇಡೀ ತರಗತಿಗೆ ಅವಳದೇ ಮೇಲುಗೈ. ಅಷ್ಟರಲ್ಲಿ ಅತ್ತಿಗೆಗೆ ಅವಳಿಗಳು ಏಳೇ ತಿಂಗಳಿಗೆ ಹುಟ್ಟಿದವು. "ಆರು ತಿಂಗಳು ನೋಡ್ಕೋ ಪುಟ್ಟಿ, ಆಮೇಲೆ ಮತ್ತೆ ಸೇರ್ಕೋ" ಎಂದರು ಎಲ್ಲರೂ. ಆರು ತಿಂಗಳು ಹೋಗಿ ನಾಲ್ಕು ವರ್ಷವಾಗಿತ್ತು.

ಫ್ರಿಜ್ಜಿನ ಮೇಲೆ ನರ್ಸ್ ಅತ್ತಿಗೆಯ ಡ್ಯೂಟಿ ಚಾರ್ಟ್ ಅಂಟಿಸಿತ್ತು. ಅದರಲ್ಲಿ ಪುಟ್ಟಿಯ ಹೆಸರಿರಲಿಲ್ಲ, ಆದರೂ ಅದು ಪುಟ್ಟಿಯದೇ ಚಾರ್ಟ್. ಅವಳ ಕೋಣೆಯ ಕಿಟಕಿಗೆ ಕಂಬಿ, ಕಂಬಿಯಾಚೆ ಕೈಯಳತೆಯಲ್ಲಿ ಪಕ್ಕದ ಕಟ್ಟಡದ ಗೋಡೆ. ಆ ಗೋಡೆಯ ನೀರಿನ ಪೈಪಿನ ಮೇಲಿದ್ದ ಅಕ್ಷರಗಳನ್ನು ನಾಲ್ಕು ವರ್ಷದಲ್ಲಿ ಸಾವಿರ ಸಲ ಓದಿದ್ದಳು. ಅಣ್ಣ ಒಂದು ದಿನವೂ ಗದರಿದವನಲ್ಲ. ಅವಳಿಗೆ ಜ್ವರ ಬಂದರೆ ರಜೆ ಹಾಕುತ್ತಿದ್ದ. ಕಷ್ಟ ಇದ್ದದ್ದೇ ಅಲ್ಲಿ. ಬೈಯುವವರಾಗಿದ್ದರೆ ಎದುರು ಮಾತಾಡಬಹುದಿತ್ತು.

ಎರಡನೇ ಸುತ್ತಿಗೆ ಅವನು ಬಂದಾಗ ಮನೆಯಲ್ಲಿ ಅವಳೂ ಮಕ್ಕಳೂ ಮಾತ್ರ ಇದ್ದರು.

"ಪ್ರಶ್ನೆ ಮಾಮ ಬಂದ!" ಎಂದು ಅವಳಿಗಳು ಸೋಫಾ ಹತ್ತಿ ಕುಣಿದವು.

"ಅದೇ ಪ್ರಶ್ನೆಗಳಾ?" ಎಂದಳು ಪುಟ್ಟಿ ಟೀ ಇಡುತ್ತಾ.

"ಅವೇ. ಉತ್ತರ ಬದಲಾಗಿದೆಯಾ ಅಂತ ನೋಡೋದೇ ನನ್ನ ಕೆಲಸ."

"ಹಲ್ಲು ಯಾಕೆ ಬದಲಾಗಿಲ್ಲ?"

"ನನಗೆ ಆ ಪ್ರಶ್ನೆ ಕೇಳೋ ಅಧಿಕಾರ ನಿಮಗೆ ಯಾರು ಕೊಟ್ರು?" ಎಂದು ಅವನು ನಕ್ಕ. ಈ ಸಲ ಬಾಯಿ ಮುಚ್ಚಿಕೊಳ್ಳಲಿಲ್ಲ. ಅವನು ಬೇಕೆಂದೇ ಮುಚ್ಚಿಕೊಳ್ಳದಿದ್ದದ್ದನ್ನು ಪುಟ್ಟಿ ಗಮನಿಸಿದಳು. ಅವಳು ಗಮನಿಸಿದ್ದನ್ನು ಅವನೂ ಗಮನಿಸಿದ. ಇಬ್ಬರೂ ಒಮ್ಮೆಲೇ ಟೀ ಲೋಟದೊಳಕ್ಕೆ ನೋಡಿದರು.

ಅವನು ಮೊದಲು ಗಣಿತದ ಮೇಷ್ಟ್ರಾಗಿದ್ದನಂತೆ. ಯಾವುದೋ ಅಂಕಿಅಂಶದ ಪ್ರಕಾರ ಅವನ ಶಾಲೆಗೆ ಮಕ್ಕಳು ಸಾಲದು ಎಂದಾಗಿ ಶಾಲೆಯನ್ನೇ ಮುಚ್ಚಿದರಂತೆ. "ಆ ಅಂಕಿ ಎಲ್ಲಿಂದ ಬರತ್ತೆ ಅಂತ ನೋಡ್ಬೇಕು ಅನ್ನಿಸ್ತು. ಅದಕ್ಕೇ ಇಲ್ಲಿಗೆ ಸೇರಿದೆ."

"ಎಲ್ಲಿಂದ ಬರತ್ತೆ ಮೇಷ್ಟ್ರೇ?"

"ಹೀಗೆ, ಅಡುಗೆಮನೆ ಬಾಗಿಲಿಂದ," ಎಂದು ಅವನು ಪ್ರಶ್ನೆ ಓದಿದ. ತರಬೇತಿ, ಕೆಲಸ, ಇಷ್ಟ.

ಮನೆಯಲ್ಲಿ ಯಾರೂ ಇರಲಿಲ್ಲ. ಆದರೂ ಅಣ್ಣನ ಸ್ಲಿಪ್ಪರ್, ಅತ್ತಿಗೆಯ ಚಾರ್ಟ್, ಮಕ್ಕಳ ಒಣಗಿದ ಬಟ್ಟೆ ಎಲ್ಲವೂ ಕಿವಿಗೊಟ್ಟು ಕೂತಂತಿತ್ತು. "ಇಲ್ಲ" ಎಂದುಬಿಟ್ಟಳು.

ಮೂರನೇ ಸುತ್ತಿಗೆ ಅಣ್ಣ ಇದ್ದ. "ಎಷ್ಟು ಸಲ ಕೇಳ್ತೀರಿ ಸ್ವಾಮಿ?" ಎಂದು ರೇಗಿದ. ಪ್ರಶ್ನೆ ಬಂದಾಗ ಪುಟ್ಟಿಯ ಗಂಟಲಿನಲ್ಲಿ "ಹೌದು" ಎಂಬ ಮಾತು ಬಂದು ನಿಂತಿತು. ಅಷ್ಟರಲ್ಲಿ ಒಂದು ಮಗು ಬಿದ್ದು ಅತ್ತಿತು. ಅಣ್ಣ "ಪುಟ್ಟೀ" ಎಂದ. ಅವಳು ಮಗುವನ್ನು ಎತ್ತಿಕೊಂಡು "ಇಲ್ಲ" ಎಂದಳು. ಮೇಷ್ಟ್ರ ಬೆರಳು ಟ್ಯಾಬಿನ ಮೇಲೆ ಬಹಳ ಹೊತ್ತು ಮುಟ್ಟದೇ ನಿಂತಿತ್ತು. ಆಮೇಲೆ ಮುಟ್ಟಿತು.

ಕಸದ ಬುಟ್ಟಿ ಹಿಡಿದುಕೊಂಡು ಅವಳು ಮೆಟ್ಟಿಲಿಳಿದು ಅವನನ್ನು ಹಿಡಿದಳು. ಬುಟ್ಟಿ ಖಾಲಿಯಿತ್ತು.

"ನಾನು ಸುಳ್ಳು ಹೇಳಿದೆ. ಮೂರು ಸಲಾನೂ. ನಿಮಗೆ ಗೊತ್ತು."

"ಗೊತ್ತು."

"ಮತ್ತೆ ಬದಲಾಯಿಸಿ ಬರೀರಿ! ನಿಮ್ಮ ಕೈಲೇ ಇದೆಯಲ್ಲ."

ಅವನು ಒಂದು ಮೆಟ್ಟಿಲು ಕೆಳಗಿದ್ದ. ಹಾಗಾಗಿ ಇಬ್ಬರ ಕಣ್ಣೂ ಸರಿಸಮಕ್ಕೆ ಬಂದಿದ್ದವು. ಅವನ ರೆಪ್ಪೆಯ ಮೇಲೆ ಧೂಳಿತ್ತು. ಇಡೀ ದಿನ ಮನೆಮನೆ ಅಲೆದ ಧೂಳು. ಒರೆಸಿಬಿಡಲೇ ಎನ್ನಿಸಿ ಪುಟ್ಟಿ ಬುಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನಿಮ್ಮ ಪರವಾಗಿ ನಾನು ಉತ್ತರ ಹೇಳಿದ್ರೆ ನಿಮ್ಮಣ್ಣನಿಗೂ ನನಗೂ ಏನು ವ್ಯತ್ಯಾಸ?" ಎಂದ ಅವನು ಮೆಲ್ಲಗೆ. "ಅದೊಂದು ಮಾತ್ರ ಕೇಳಬೇಡಿ. ಬೇರೆ ಏನು ಕೇಳಿದ್ರೂ..." ಮಾತು ಅಲ್ಲಿಗೇ ನಿಂತಿತು. ಸರ್ವೆ ಕೆಲಸದಲ್ಲಿರುವವರೆಗೆ ಉತ್ತರ ಕೊಟ್ಟವರೊಂದಿಗೆ ಯಾವ ವೈಯಕ್ತಿಕ ಮಾತೂ ಆಡಕೂಡದು ಎಂದು ಅವನು ಸಹಿ ಹಾಕಿಕೊಟ್ಟಿದ್ದ.

ಅವಳಿಗೆ ಸಿಟ್ಟು ಬಂತು. ಕೊನೆಗೆ ಒಬ್ಬನಾದರೂ ತನ್ನನ್ನು ಹೊರಗೆಳೆಯುತ್ತಾನೆ ಎಂದುಕೊಂಡಿದ್ದಳು. ಇವನು ಬಾಗಿಲ ಹೊರಗೆ ನಿಂತು ನೀನೇ ಚಿಲಕ ತೆಗಿ ಎನ್ನುತ್ತಿದ್ದಾನೆ. ವಾರವೆಲ್ಲ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಅಷ್ಟು ಸಿಟ್ಟಿದ್ದೂ ದಿನಕ್ಕೆ ಹತ್ತು ಸಲ ನೆನಪಾಗುತ್ತಿದ್ದದ್ದು ಆ ರೆಪ್ಪೆಯ ಧೂಳೇ.

ಮುಂದಿನ ತಿಂಗಳು ಪೇಪರಿನಲ್ಲಿ ಸರ್ವೆಯ ಮಧ್ಯಂತರ ವರದಿ ಬಂತು. ಜಿಲ್ಲೆಯಲ್ಲಿ ಮನೆಯಲ್ಲೇ ಇರುವ ಹೆಂಗಸರ ಪೈಕಿ ನೂರಕ್ಕೆ ಎಪ್ಪತ್ತೊಂದು ಮಂದಿಗೆ ಯಾವ ತರಬೇತಿಯಲ್ಲೂ ಆಸಕ್ತಿಯಿಲ್ಲ. ಆದ್ದರಿಂದ ಊರಿನ ಸಂಸ್ಥೆಯಲ್ಲಿ ಮೂರು ಕೋರ್ಸುಗಳನ್ನು ನಿಲ್ಲಿಸಲಾಗಿದೆ. ನಗರದ ಸಂಸ್ಥೆಯಲ್ಲೂ ಅವನ್ನು ನಿಲ್ಲಿಸುವ ಬಗ್ಗೆ ನಾಲ್ಕನೇ ಸುತ್ತಿನ ನಂತರ ತೀರ್ಮಾನ. ಮೂರು ಹೆಸರುಗಳಲ್ಲಿ ಎರಡನೆಯದು ಡೆಂಟಲ್ ಟೆಕ್ನಿಷಿಯನ್.

ಪುಟ್ಟಿ ಪೇಪರ್ ಹಿಡಿದು ನೆಲದ ಮೇಲೆ ಕುಳಿತುಬಿಟ್ಟಳು. ಆ ಎಪ್ಪತ್ತೊಂದರಲ್ಲಿ ಅವಳೂ ಒಬ್ಬಳು. ತಾನಿದ್ದ ಕೋಣೆಗೆ ತಾನೇ ಹೊರಗಿನಿಂದ ಬೀಗ ಜಡಿದು ಬಂದಂತಾಗಿತ್ತು. ಉಳಿದ ಎಪ್ಪತ್ತು ಮಂದಿಯೂ ಯಾರದೋ ಮುಖ ನೋಡಿಯೇ ಹೇಳಿರಬಹುದೇ ಎಂದು ಯೋಚಿಸುತ್ತಾ ಒಲೆಯ ಮೇಲಿದ್ದ ಹಾಲು ಉಕ್ಕಿಸಿದಳು.

ನಾಲ್ಕನೇ ಸುತ್ತಿನ ಬೆಳಿಗ್ಗೆ ಮೇಷ್ಟ್ರು ಒಂದು ಹೊಸ ಸುತ್ತೋಲೆ ತಂದಿದ್ದ. ಪ್ರತಿಯೊಬ್ಬರನ್ನೂ ಪ್ರತ್ಯೇಕವಾಗಿ ಕೇಳಬೇಕು, ಬೇರೆಯವರು ಎದುರಿಗಿರಕೂಡದು. ಇಲಾಖೆಗೆ ಹಾಗೆಂದು ಆರು ಪುಟದ ಪತ್ರ ಬರೆದು, ಮೇಲಿನವರಿಂದ ಬೈಸಿಕೊಂಡು, ಮತ್ತೆ ಬರೆದವನು ಅವನೇ. ಅದನ್ನು ಅವನು ಹೇಳಲಿಲ್ಲ. ಸುತ್ತೋಲೆಯ ಕೆಳಗೆ 'ಕ್ಷೇತ್ರ ಸಿಬ್ಬಂದಿಯೊಬ್ಬರ ಪತ್ರದ ಮೇರೆಗೆ' ಎಂದಿದ್ದದ್ದನ್ನು ಓದಿ ಪುಟ್ಟಿ ತಲೆಯೆತ್ತಿದಾಗ ಅವನು ಫ್ಯಾನ್ ನೋಡುತ್ತಿದ್ದ.

ಅಣ್ಣ, ಅತ್ತಿಗೆ, ಮಕ್ಕಳು ಒಳಕೋಣೆಗೆ ಹೋದರು. ಬಾಗಿಲು ಮುಚ್ಚಿತು.

"ಮೇಡಂ, ಅವಕಾಶ ಸಿಕ್ಕಿದ್ರೆ..."

"ಹೌದು."

"ನಾನಿನ್ನೂ ಪೂರ್ತಿ ಓದಿಲ್ಲ."

"ನೀವು ಓದಿ. ನನ್ನ ಉತ್ತರ ಹೌದು. ಡೆಂಟಲ್ ಟೆಕ್ನಿಷಿಯನ್, ಎರಡನೇ ವರ್ಷ. ನಗರದಲ್ಲಾದ್ರೂ ಸರಿ."

ಅವನು ಬರೆದುಕೊಂಡ. ಬಾಗಿಲು ತೆರೆದದ್ದೇ ಅಣ್ಣ ಹೊರಬಂದು, "ಏನು ಹೇಳಿದಳು?" ಎಂದ.

"ಅದು ಗೌಪ್ಯ ಸಾರ್. ಯಾರಿಗೂ ಹೇಳೋ ಹಾಗಿಲ್ಲ."

ಅಲ್ಲಿಗೆ ಮುಗಿಸಬಹುದಿತ್ತು. ಕಾಗದದಲ್ಲಿ ಒಂದು, ಮನೆಯಲ್ಲಿ ಒಂದು ಎಂದು ಇನ್ನೂ ನಾಲ್ಕು ವರ್ಷ ಕಳೆಯಬಹುದಿತ್ತು. "ನಾನು ಹೇಳ್ತೀನಿ ಅಣ್ಣ," ಎಂದಳು ಪುಟ್ಟಿ. "ನನಗೆ ಕೋರ್ಸ್ ಮುಗಿಸ್ಬೇಕು. ನಗರಕ್ಕೆ ಹೋಗಿ, ಹಾಸ್ಟೆಲಲ್ಲಿದ್ದು. ಹಾಗಂತ ಹೇಳಿದೀನಿ."

"ನಾನೇನು ಕಡಿಮೆ ಮಾಡಿದೀನಿ ನಿನಗೆ?" ಅಣ್ಣನ ದನಿ ಒಡೆಯಿತು.

"ಏನೂ ಕಡಿಮೆ ಮಾಡಿಲ್ಲ. ಅದಕ್ಕೇ ಹೇಳೋಕೆ ಇಷ್ಟು ದಿನ ಆಯ್ತು."

ಅತ್ತಿಗೆ ಕೈಯಲ್ಲಿದ್ದ ಯೂನಿಫಾರ್ಮನ್ನು ಮಡಚುತ್ತಾ, ಮತ್ತೆ ಬಿಚ್ಚುತ್ತಾ ನಿಂತಿದ್ದಳು. "ಆರು ತಿಂಗಳು ಅಂತ ಕೇಳಿದ್ದು ನಾನು," ಎಂದಳು ಗಂಡನಿಗೆ. "ಆಮೇಲೆ ನಂಗೆ ನೆನಪಿರಲಿಲ್ಲ ಅಂತಲ್ಲ. ನೆನಪಿತ್ತು. ಬಾಯಿ ಬಿಟ್ಟಿಲ್ಲ. ನಮ್ಮ ಆಸ್ಪತ್ರೇಲೇ ಮಕ್ಕಳನ್ನ ನೋಡ್ಕೊಳ್ಳೋ ಕೋಣೆ ಇದೆ. ಹೋಗಲಿ ಬಿಡಿ ಅವಳು."

ಮೇಷ್ಟ್ರು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ. "ಇವತ್ತಿಗೆ ನಿಮ್ಮ ಮನೆ ಮುಗೀತು," ಎಂದ. ಎಲ್ಲರಿಗೂ ಹೇಳಿದ ಮಾತು ಅದು. ನೋಡಿದ್ದು ಮಾತ್ರ ಒಬ್ಬಳ ಕಡೆಗೆ. ಮೆಟ್ಟಿಲಿಳಿಯುವ ಸದ್ದು ಕೊನೆಯವರೆಗೂ ಪುಟ್ಟಿಗೆ ಕೇಳಿಸಿತು. ಇಡೀ ಮನೆಯೆದುರು ಅಷ್ಟೆಲ್ಲ ಹೇಳಿದವಳಿಗೆ "ನಿಲ್ಲಿ" ಎನ್ನಲು ಮಾತ್ರ ನಾಲಿಗೆ ಏಳಲಿಲ್ಲ.

ಹನ್ನೊಂದು ದಿನ ಅಣ್ಣ ಮಾತಾಡಲಿಲ್ಲ. ಹನ್ನೆರಡನೇ ದಿನ ಡಿಪೋದಿಂದ ಬಂದು ನಗರದ ಬಸ್ಸುಗಳ ವೇಳೆ ಬರೆದಿದ್ದ ಒಂದು ಚೀಟಿ ಕೊಟ್ಟ. "ಬೆಳಿಗ್ಗೆ ಆರೂ ಹತ್ತರ ಬಸ್ಸು ಒಳ್ಳೇದು. ಡ್ರೈವರ್ ಗಲಾಟೆ ಮಾಡಲ್ಲ. ಯಾವಾಗ ಹೊರಡ್ತೀಯ ಹೇಳು, ಕಿಟಕಿ ಪಕ್ಕ ಸೀಟ್ ಹಿಡಿಸ್ತೀನಿ" ಎಂದು ಮುಖ ತಿರುಗಿಸಿಕೊಂಡ.

ಅಂತಿಮ ವರದಿಯಲ್ಲಿ ಎಪ್ಪತ್ತೊಂದು ಇಳಿದು ನಲವತ್ತನಾಲ್ಕಾಗಿತ್ತು. ಊರಿನಲ್ಲಿ ನಿಂತ ಕೋರ್ಸ್ ಮತ್ತೆ ಶುರುವಾಗಲಿಲ್ಲ. ನಗರದ್ದು ಉಳಿಯಿತು, ಜೊತೆಗೆ ಮೂವತ್ತು ಸೀಟು ಹೆಚ್ಚಾಯಿತು.

ಹಾಸ್ಟೆಲಿನಲ್ಲಿ ಅವಳ ಪಾಲಿಗೆ ಬಂದದ್ದು ಒಂದು ಮಂಚ, ಅರ್ಧ ಕಪಾಟು, ರಸ್ತೆಗೆ ತೆರೆಯುವ ಕಿಟಕಿ. ಮೊದಲ ರಾತ್ರಿ ಅವಳಿಗಳ ಗಲಾಟೆಯಿಲ್ಲದೆ ನಿದ್ದೆ ಬರಲಿಲ್ಲ, ಅತ್ತಳು. ಎರಡನೇ ವಾರಕ್ಕೆ ಅವಳು ಮೇಣದಲ್ಲಿ ತಿದ್ದಿದ ದವಡೆ ಹಲ್ಲನ್ನು ಇನ್‌ಸ್ಟ್ರಕ್ಟರ್ ತರಗತಿಗೆಲ್ಲ ತೋರಿಸಿದರು.

ಮೂರನೇ ಭಾನುವಾರ ಮಧ್ಯಾಹ್ನ ಕೆಳಗಿನಿಂದ ಕರೆ ಬಂತು. ಯಾರೋ ನೋಡಲು ಬಂದಿದ್ದಾರೆ.

ವಾರ್ಡನ್ ಮೇಜಿನ ಮುಂದೆ ಮೇಷ್ಟ್ರು ನಿಂತಿದ್ದ. ಟ್ಯಾಬ್ ಇರಲಿಲ್ಲ, ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಒಮ್ಮೆ ಜೇಬಿಗೆ, ಒಮ್ಮೆ ಬೆನ್ನ ಹಿಂದಕ್ಕೆ ಇಡುತ್ತಿದ್ದ.

"ನನ್ನ ಸರ್ವೆ ಕೆಲಸ ಮುಗೀತು," ಎಂದ. "ಶುಕ್ರವಾರ. ನಿನ್ನೇನೇ ಬರ್ಬೇಕು ಅಂದ್ಕೊಂಡೆ. ಆದ್ರೆ ನಿನ್ನೆ ನಿಮಗೆ ಪ್ರಾಕ್ಟಿಕಲ್ ಇರತ್ತೇನೋ ಅಂತ..."

"ಇತ್ತು," ಎಂದಳು ಪುಟ್ಟಿ. ನಗು ತಡೆಯಲು ತುಟಿ ಕಚ್ಚಿಕೊಂಡಳು.

ವಾರ್ಡನ್ ಕನ್ನಡಕದ ಮೇಲಿಂದ ಇಬ್ಬರನ್ನೂ ಅಳೆದರು. ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದು, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

ಮೇಷ್ಟ್ರು ಗಾಬರಿಯಿಂದ ಅವಳ ಕಡೆ ನೋಡಿದ.

"ಇನ್ನೂ ಏನೂ ಆಗಿಲ್ಲ ಮೇಡಂ," ಎಂದಳು ಪುಟ್ಟಿ. "ಕೋರ್ಸ್ ಮುಗಿದ ಮೇಲೆ ಗಂಡ ಆಗ್ಬೇಕು."

ವಾರ್ಡನ್ ಪೆನ್ನು ನಿಂತಿತು. ಮೇಷ್ಟ್ರು ಪಕ್ಕದಲ್ಲಿದ್ದ ಕುರ್ಚಿಯನ್ನು ಕೈಯಿಂದ ತಡಕಿ ಹುಡುಕಿ, ಮೆಲ್ಲಗೆ ಕುಳಿತುಕೊಂಡ.