ನಾಲ್ಕನೇ ಕಂಬದ ತವರು

ಸೋಮವಾರ ಶ್ವೇತಾಂಬರಿ ಮಿಲ್ಲಿಗೆ ವಾರದ ರಜೆ. ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ನೇಯ್ಗೆ ಷೆಡ್ಡಿನ ಮುನ್ನೂರ ಇಪ್ಪತ್ತು ಮಗ್ಗಗಳೂ ನಿಂತಿದ್ದವು. ಆದರೂ ಷೆಡ್ಡು ಸುಮ್ಮನಿರಲಿಲ್ಲ. ಸೂರಿನಡಿಯ ಕೊಳವೆಗಳಿಂದ, ಗೋಡೆಯ ಮೂಲೆಗಳಿಂದ, ಮಗ್ಗಗಳ ಹೊಟ್ಟೆಯೊಳಗಿಂದ ‘ಸ್ಸ್’ ಎಂಬ ಸದ್ದು ಎಡೆಬಿಡದೆ ಬರುತ್ತಿತ್ತು. ಕೆಲಸದ ದಿನಗಳಲ್ಲಿ ಮಗ್ಗಗಳ ಅಬ್ಬರದ ನಡುವೆ ಇದು ಯಾರ ಕಿವಿಗೂ ಬೀಳುವುದಿಲ್ಲ. ವಿಜ್ಞಾನಿ ಡಾ. ಕೊಟ್ರೇಶ ಟಿಫನ್ ಡಬ್ಬಿಯಷ್ಟಿದ್ದ ಸ್ಟೀಲಿನ ಡಬ್ಬವೊಂದನ್ನು ಮುಖ್ಯ ಕೊಳವೆಗೆ ಜೋಡಿಸಿ, ತಿರುಪು ತಿರುಗಿಸಿ, ಕೈಗಡಿಯಾರ ನೋಡಿಕೊಂಡ.

“ಒಂಬತ್ತು ನಿಮಿಷ” ಎಂದ.

ಮೊದಲು ಮೂಲೆಯ ಸದ್ದು ಕ್ಷೀಣವಾಯಿತು. ಆಮೇಲೆ ಒಂದೊಂದೇ ಸಾಲು ಬಾಯಿ ಮುಚ್ಚುತ್ತ ಬಂತು. ಒಂಬತ್ತನೇ ನಿಮಿಷಕ್ಕೆ ಷೆಡ್ಡು ಎಷ್ಟು ನಿಶ್ಶಬ್ದವಾಯಿತೆಂದರೆ, ತಗಡಿನ ಮೇಲೆ ಅಳಿಲು ಓಡಾಡುವುದು ಕೆಳಗೆ ನಿಂತವರಿಗೆ ಕೇಳಿಸಿತು. ಪಕ್ಕದ ಕೋಣೆಯಲ್ಲಿ ಆರು ಕಂಪ್ರೆಸರ್‌ಗಳಿದ್ದವು. ಗಾಳಿಯನ್ನು ಹೊರಗಿನಿಂದ ಎಳೆದುಕೊಂಡು ಒತ್ತಿ ಕೊಳವೆಗೆ ತುಂಬುವ ಆ ಯಂತ್ರಗಳಲ್ಲಿ ಎರಡು, ಇನ್ನು ತಮಗೆ ಕೆಲಸವಿಲ್ಲವೆಂದು ತಾವಾಗಿಯೇ ನಿಂತುಬಿಟ್ಟವು.

ಮ್ಯಾನೇಜರ್ ವಿನುತಾ ಚಪ್ಪಾಳೆ ತಟ್ಟಿದಳು. ಮೂವತ್ತೊಂದು ವರ್ಷದಿಂದ ಅಲ್ಲಿಯೇ ಇದ್ದ ಹೆಡ್ ಫಿಟ್ಟರ್ ದಾದಾಪೀರ್ ಮಾತ್ರ ಕೊಳವೆಗಳ ಕಡೆ ಕತ್ತೆತ್ತಿ ನೋಡುತ್ತ ನಿಂತಿದ್ದ.

“ಮಿಲ್ಲು ಉಸುರು ಬಿಡೋದು ನಿಲ್ಸಿದಂಗಾತಲ್ಲ ಸರ್” ಎಂದ. ಎಲ್ಲರೂ ನಕ್ಕರು. ಆಮೇಲೆ ಆಫೀಸಿನಲ್ಲಿ ಮಂಡಕ್ಕಿ, ಮಿರ್ಚಿ ತರಿಸಿ ತಿಂದರು.

ದಾವಣಗೆರೆಯ ಮಿಲ್ಲುಗಳಲ್ಲಿ ಆ ಹೊತ್ತಿಗೆ ಲಾಳಿ ಎಂಬುದು ಉಳಿದಿರಲಿಲ್ಲ. ಹಾಸಿನ ನೂಲುಗಳ ನಡುವೆ ಹೊಕ್ಕಿನ ನೂಲನ್ನು ಒಯ್ಯುತ್ತಿದ್ದುದು ಗಾಳಿ. ನಿಮಿಷಕ್ಕೆ ಸಾವಿರ ಸಲ ‘ಫುಸ್’ ಎಂದು ಊದಿ ನೂಲನ್ನು ಈ ಕಡೆಯಿಂದ ಆ ಕಡೆಗೆ ಎಸೆಯುವ ಗಾಳಿ. ಗಾಳಿ ಪುಕ್ಕಟೆ, ಅದನ್ನು ಒತ್ತುವುದು ಪುಕ್ಕಟೆಯಲ್ಲ. ಒತ್ತಲು ಖರ್ಚಾದ ಕರೆಂಟಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಬಿಸಿಯಾಗಿ ಹೋಗುತ್ತದೆ. ಹಾಗೆ ಕಷ್ಟಪಟ್ಟು ಒತ್ತಿದ ಗಾಳಿಯಲ್ಲಿ ಮೂರನೇ ಒಂದು ಪಾಲು ತೂತು, ಸಡಿಲ ತಿರುಪು, ಹಳೆಯ ರಬ್ಬರಿನ ಸಂದಿಗಳಲ್ಲಿ ಸೋರಿಹೋಗುತ್ತದೆ. 2060ರ ಆಸುಪಾಸಿನಲ್ಲಿ ಕರೆಂಟನ್ನು ಮಿಲ್ಲುಗಳಿಗೆ ಗಂಟೆಯ ಲೆಕ್ಕದಲ್ಲಿ ಹಂಚುತ್ತಿದ್ದರು. ಪೋಲು ಮಾಡುವ ಮಿಲ್ಲಿಗೆ ಬಾಗಿಲು ಹಾಕಿಸುತ್ತಿದ್ದರು. ಹಾಗೆ ಮುಚ್ಚಿದ ಎರಡು ಮಿಲ್ಲುಗಳ ಬೀದಿಯಲ್ಲೇ ಕೊಟ್ರೇಶ ಬೆಳೆದಿದ್ದ. ಒಂದೇ ವರ್ಷದಲ್ಲಿ ಆ ಬೀದಿ ಹೇಗೆ ಖಾಲಿಯಾಯಿತೆಂಬುದು ಅವನಿಗೆ ಮರೆತಿರಲಿಲ್ಲ. ಹನ್ನೆರಡು ವರ್ಷ ಅವನು ದುಡಿದದ್ದು ಇನ್ನೊಂದು ಬೀದಿ ಹಾಗಾಗಬಾರದೆಂದು, ಹೆಸರಿಗಾಗಿ ಅಲ್ಲ.

ಅವನು ಕಂಡುಹಿಡಿದದ್ದು ಹಿಟ್ಟಿಗಿಂತ ನುಣ್ಣನೆಯ ಒಂದು ಪುಡಿ. ಗಾಯವಾದಾಗ ರಕ್ತ ತಾನೇ ಹೆಪ್ಪುಗಟ್ಟಿ ಬಾಯಿ ಮುಚ್ಚುತ್ತದಲ್ಲ, ಹಾಗೆಯೇ ಈ ಪುಡಿ ಗಾಳಿಯ ಜೊತೆ ಕೊಳವೆಯಲ್ಲಿ ತೇಲುತ್ತ ಹೋಗಿ ಸೋರುವ ಕಡೆ ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತಿತ್ತು. ಮಗ್ಗದಲ್ಲಿ ನೂಲಿಗೆ ಗಾಳಿ ಊದುವ ಬಾಯಿಗೆ, ಅದು ಬಿಟ್ಟು ಬಿಟ್ಟು ಊದುವುದರಿಂದ, ಅಂಟುತ್ತಿರಲಿಲ್ಲ. ಎಡೆಬಿಡದೆ ಊದುವ ತೂತಿಗೆ ಮಾತ್ರ ಅಂಟುತ್ತಿತ್ತು. ಪುಡಿಗೆ ಅವನಿಟ್ಟ ಹೆಸರು ‘ಹೆಪ್ಪು’. ಒಮ್ಮೆ ಕೊಳವೆಗೆ ಹಾಕಿದರೆ ಸಾಕು, ಮುಂದೆ ಯಾವ ತೂತು ಬಿದ್ದರೂ ಒಂಬತ್ತೇ ನಿಮಿಷ. ತೆಗೆಯುವುದು ಹೇಗೆ ಎಂದು ಸಭೆಗಳಲ್ಲಿ ಕೇಳಿದವರಿಗೆ, “ಮೊಸರಾದ ಹಾಲು ಮತ್ತೆ ಹಾಲಾಗುತ್ತದೇನ್ರಿ?” ಎಂದು ನಗಿಸುತ್ತಿದ್ದ.

ಹೆಪ್ಪು ಹಾಕುವ ಮೊದಲು, ಜನವರಿಯಲ್ಲಿ, ಅವನು ಹದಿನೈದು ದಿನ ಷೆಡ್ಡು ಸುತ್ತಿದ್ದ. ಕಿವಿಗೆ ಕೇಳದ ಸದ್ದನ್ನು ಹಿಡಿಯುವ ಯಂತ್ರ ಕೈಯಲ್ಲಿ ಹಿಡಿದು ಸಾವಿರದ ನೂರು ಸೋರಿಕೆಗಳನ್ನು ಎಣಿಸಿದ್ದ. ನಾಲ್ಕನೇ ಸಾಲಿನ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವಳು ಐಶ್ವರ್ಯಾ. ವಯಸ್ಸು ನಲವತ್ತು. ಹೆಸರಿನಲ್ಲಿದ್ದದ್ದು ಕೈಗೆ ಬಂದಿರಲಿಲ್ಲ, ಅದನ್ನು ಹೇಳಿಕೊಂಡು ತಾನೇ ನಗುತ್ತಿದ್ದಳು. ಕೇಳಿದ್ದಕ್ಕೆಲ್ಲ ಚುರುಕಾಗಿ ಉತ್ತರ ಕೊಡುತ್ತಿದ್ದವಳು ಮಾತಿನ ನಡುವೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಒಂದ್ನಿಮಿಷ ಸರ್, ತವರಿಗೆ ಹೋಗ್ಬರ್ತೀನಿ.”

“ತವರಿಗಾ?”

ಪಕ್ಕದ ಸಾಲಿನ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. ಕೊಟ್ರೇಶ ಮರ್ಯಾದಸ್ಥ. ಹೆಂಗಸರು ಶೌಚಾಲಯಕ್ಕೆ ಇಟ್ಟುಕೊಂಡ ಗುಟ್ಟಿನ ಹೆಸರು ಇದಿರಬೇಕೆಂದು ಆ ಕ್ಷಣವೇ ತೀರ್ಮಾನಿಸಿ, ಕಿವಿ ಕೆಂಪಾಗಿ, ಕೈಯಲ್ಲಿದ್ದ ಕಾಗದದ ಕಡೆ ನೋಡತೊಡಗಿದ. ಅವಳು ನಿಮಿಷದೊಳಗೆ ವಾಪಸ್ಸು ಬಂದಳು. “ತವರಿಗೆ ಹೋಗಿ ಬಂದ್ರೆ ಜೀವ ತಂಪಾಕೈತಿ ಸರ್” ಎಂದಾಗಲೂ ಅವನು ಕೆಮ್ಮಿ ಬೇರೆ ಪ್ರಶ್ನೆ ಕೇಳಿದ.

ಕೊಳವೆಗಳ ಮೇಲೆ ಅಲ್ಲಲ್ಲಿ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು. ಆಯುಧಪೂಜೆಗೆ ಇಟ್ಟದ್ದನ್ನು ಯಾರೂ ಒರೆಸಿಲ್ಲ ಅಂದುಕೊಂಡ. ಪೂಜೆ ಕಳೆದು ಮೂರು ತಿಂಗಳಾದರೂ ಬೊಟ್ಟು ಹಸಿಯಾಗಿಯೇ ಇದೆಯಲ್ಲ ಎಂದು ಅವನಿಗೆ ಹೊಳೆಯಲಿಲ್ಲ. ಕೆಲಸಗಾರರ ಅಭಿಪ್ರಾಯಕ್ಕೆಂದು ಇಟ್ಟಿದ್ದ ಪೆಟ್ಟಿಗೆಯಲ್ಲಿ ಒಂದೇ ಒಂದು ಚೀಟಿ ಸಿಕ್ಕಿತು: ‘ನಮ್ಮ ತವರು ಮುಚ್ಚಬ್ಯಾಡ್ರಿ. ನಾಕನೇ ಸಾಲು.’ ಅವನಿಗೆ ಸಿಟ್ಟೇ ಬಂತು. ನೇರ ವಿನುತಾಳ ಹತ್ತಿರ ಹೋಗಿ, ಹೆಣ್ಣುಮಕ್ಕಳ ಶೌಚಾಲಯ ಮುಚ್ಚುವ ಯೋಚನೆಯಿದ್ದರೆ ಬಿಟ್ಟುಬಿಡಿ ಎಂದು ಕಡ್ಡಿ ಮುರಿದಂತೆ ಹೇಳಿದ. ಅಂಥ ಯೋಚನೆಯೇ ಇಲ್ಲದ ಆಕೆ ತಬ್ಬಿಬ್ಬಾಗಿ, ಹದಿನೈದು ದಿನದಲ್ಲಿ ಅಲ್ಲಿಗೆ ಹೊಸ ಟೈಲ್ಸ್ ಹಾಕಿಸಿದಳು. ಒಂದು ಒಳ್ಳೆಯ ಕೆಲಸ ಮಾಡಿದೆನೆಂದು ಕೊಟ್ರೇಶ ಅವತ್ತು ಹಿಗ್ಗಿದ.

ದಾದಾಪೀರ್ ಒಮ್ಮೆ ಮಾತ್ರ ಕೇಳಿದ್ದ. “ಎಲ್ಲಾ ಮುಚ್ಚಬೇಕೇನ್ರಿ ಸರ್? ಒಂದಿಷ್ಟು ಬಿಟ್ರೆ ನಡಿಯಾದಿಲ್ವಾ?”

“ಸೂಜಿಮೊನೆಯಷ್ಟೂ ಬಿಡಬಾರದು ದಾದಾಪೀರಣ್ಣ.”

ದಾದಾಪೀರ್ ತನ್ನ ಸ್ಪ್ಯಾನರ್ ಎತ್ತಿಕೊಂಡು ಹೊರಟ. ಆ ತೂತುಗಳಲ್ಲಿ ಕೆಲವನ್ನು ಕೊರೆದವನು ತಾನೇ ಎಂದು ಹೇಳಿದರೆ ಕೆಲಸ ಹೋಗುತ್ತಿತ್ತು.

ಫೆಬ್ರವರಿಯ ಆ ಸೋಮವಾರ ಹೆಪ್ಪು ಹಾಕಿದರು. ಚಳಿಗಾಲದ ಕೊನೆ, ಯಾರಿಗೂ ಏನೂ ಅನ್ನಿಸಲಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ ಇನ್ನೂರು ಮಿಲ್ಲುಗಳ ಕೊಳವೆಯಲ್ಲಿ ಹೆಪ್ಪು ಇತ್ತು. ಸರ್ಕಾರ ಹೊಸ ನಿಯಮ ತಂದಿತು. ಅದರ ಮೊದಲ ಸಾಲು ಕೊಟ್ರೇಶನ ವರದಿಯಿಂದಲೇ ಎತ್ತಿದ್ದು: ‘ಬಟ್ಟೆಗೆ ಹೋಗದ ಗಾಳಿಯೆಲ್ಲ ವ್ಯರ್ಥ.’ ಅದನ್ನು ಪತ್ರಿಕೆಯಲ್ಲಿ ಓದಿದ ದಿನ ಅವನು ಮನೆಗೆ ಸಿಹಿ ಒಯ್ದಿದ್ದ.

ಏಪ್ರಿಲ್‌ನಲ್ಲಿ ಬಿಸಿಲು ನಲವತ್ತಾರು ಡಿಗ್ರಿ ಮುಟ್ಟಿತು.

ನೇಯ್ಗೆ ಷೆಡ್ಡಿಗೆ ಕಿಟಕಿ ತೆರೆಯುವಂತಿಲ್ಲ. ಗಾಳಿ ಒಣಗಿದರೆ ನೂಲು ಪಟಪಟ ಹರಿಯುತ್ತದೆ. ಹಾಗಾಗಿ ಬಾಗಿಲು ಕಿಟಕಿ ಬಿಗಿದು, ಒಳಗೆಲ್ಲ ನೀರಿನ ಮಂಜು ಸಿಂಪಡಿಸಿ, ಗಾಳಿಯನ್ನು ತೇವವಾಗಿಯೇ ಇಡುತ್ತಾರೆ. ನೂಲಿಗೆ ಅದು ಹಿತ. ಮನುಷ್ಯರಿಗೆ ಹಾಗಲ್ಲ, ಬೆವರು ಆರಿದರೆ ತಾನೇ ಮೈ ತಂಪಾಗುವುದು, ತೇವದ ಬಿಸಿಗಾಳಿಯಲ್ಲಿ ಅದು ಆರುವುದೇ ಇಲ್ಲ. ಕೊಳವೆಯೊಳಗಿನ ಗಾಳಿಯಾದರೋ ನೀರಿನ ಪಸೆಯನ್ನೆಲ್ಲ ಹಿಂಡಿ ತೆಗೆದ ಗಾಳಿ. ತೂತಿನಿಂದ ನುಗ್ಗಿ ಹಿಗ್ಗುವಾಗ ಅದು ತಣ್ಣಗೆ, ಒಣಗಿ ಬರುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಅನ್ನುತ್ತೇವೆ. ಸಾವಿರದ ನೂರು ತೂತುಗಳು ಸೇರಿ ಆ ಷೆಡ್ಡನ್ನು ಇಷ್ಟು ವರ್ಷ ಬದುಕಬಹುದಾದ ಜಾಗವಾಗಿ ಇಟ್ಟಿದ್ದವು. ಅದನ್ನು ಯಾರೂ ಯೋಜಿಸಿರಲಿಲ್ಲ, ಯಾವ ನಕ್ಷೆಯಲ್ಲೂ ಬರೆದಿರಲಿಲ್ಲ.

ಏಪ್ರಿಲ್ ಹದಿನೆಂಟರ ಮಧ್ಯಾಹ್ನ ಮೂರು ಗಂಟೆಗೆ ಐಶ್ವರ್ಯಾ ನಾಲ್ಕನೇ ಕಂಬದ ಬುಡದಲ್ಲಿ ಸಿಕ್ಕಳು. ಕಂಬದ ಗುಂಟ ಇಳಿದುಬಂದ ಕೊಳವೆಗೆ ಕೆನ್ನೆ ಒತ್ತಿಕೊಂಡು ಕೂತಿದ್ದಳು, ಬಾಯಿ ತೆರೆದಿತ್ತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಜೀವ ಹೋಗಿತ್ತು. ಬಿಸಿಲಿನ ಹೊಡೆತ ಎಂದು ಡಾಕ್ಟರು ಬರೆದರು.

ಮರುದಿನ ಕೊಟ್ರೇಶ ಬಂದಾಗ ದಾದಾಪೀರ್ ಅವನನ್ನು ಆ ಕಂಬದ ಹತ್ತಿರ ಕರೆದೊಯ್ದ. ಎದೆಯೆತ್ತರದಲ್ಲಿ ಕೊಳವೆಯ ಮೇಲೆ ಕುಂಕುಮದ ಬೊಟ್ಟು. ಅದರ ನಡುವೆ ಉಗುರಿನಷ್ಟು ಅಗಲದ ಬೂದು ಹಕ್ಕಳೆ. ಅದು ಹೆಪ್ಪು, ಅವನಿಗೆ ಗುರುತು ಸಿಗದೆ ಇರುತ್ತದೆಯೇ?

“ಇದೇನು?”

“ಆಕಿ ತವರು ಸರ್.”

ದಾದಾಪೀರ್ ಸುತ್ತಲ ಕೊಳವೆಗಳ ಮೇಲಿದ್ದ ಉಳಿದ ಬೊಟ್ಟುಗಳ ಕಡೆ ಕೈ ತೋರಿಸಿದ.

“ಒಬ್ಬೊಬ್ಬರಿಗೆ ಒಂದೊಂದು ತೂತು. ಕೆಲ್ಸದಾಗೆ ಜೀವ ಕುದ್ದಾಗ ಒಂದ್ನಿಮಿಷ ಬಂದು ಮುಖ ಒಡ್ಡಿ ನಿಲ್ತಿದ್ರು. ಮತ್ತ ಓಡಿ ಹೋಗಿ ಮಗ್ಗ ಹಿಡೀತಿದ್ರು. ನನ್ನ ಕಾಲಕ್ಕಿಂತ ಮದ್ಲಿಂದ್ಲೂ ಅದ್ಕ ತವರು ಅಂತಾನೇ ಅಂತಾರ. ಹೊಸಬಳು ಬಂದ್ರೆ ಅವಳಿಗೂ ಒಂದು ಹುಡುಕಿ ಕೊಟ್ಟು ಬೊಟ್ಟು ಇಡಿಸ್ತಿದ್ರು. ಸಿಗದಿದ್ರೆ ನಾನೇ ಕೊರ್ದು ಕೊಡ್ತಿದ್ದೆ.”

“ಯಾಕೆ ಒಬ್ಬರೂ ನನಗೆ ಹೇಳಲಿಲ್ಲ?”

“ನಾನು ಹೆದರಿ ಹೇಳ್ಲಿಲ್ಲ ಸರ್, ಆ ಪಾಪ ನಂದು. ಆಕಿ ಹೇಳಿದ್ಲಲ್ಲ. ಚೀಟಿ ಬರ್ದು ಹಾಕಿದ್ಲಲ್ಲ.”

ಕೊಟ್ರೇಶನಿಗೆ ಹೊಸ ಟೈಲ್ಸ್ ನೆನಪಾಯಿತು. ಪಕ್ಕದ ನೂಲಿನ ಡಬ್ಬದ ಮೇಲೆ ಕೂತ. ಜೀವಮಾನದಲ್ಲಿ ಅಷ್ಟು ನಾಚಿಕೆ, ಅಷ್ಟು ಸಂಕಟ ಅವನು ಪಟ್ಟಿರಲಿಲ್ಲ. ಒಂದು ಮಾತು, ‘ತವರು ಅಂದರೆ ಏನಮ್ಮ’ ಎಂಬ ಒಂದೇ ಮಾತು, ಸಂಕೋಚ ಬಿಟ್ಟು ಕೇಳಿದ್ದರೆ ಅವಳು ಕೈಹಿಡಿದು ತೋರಿಸುತ್ತಿದ್ದಳು. ಎದ್ದು ಷೆಡ್ಡು ಪೂರ್ತಿ ಸುತ್ತಿ ಬೊಟ್ಟುಗಳನ್ನು ಎಣಿಸಿದ. ಎಪ್ಪತ್ತೊಂದಿದ್ದವು, ಎಪ್ಪತ್ತೊಂದೂ ಮುಚ್ಚಿಹೋಗಿದ್ದವು.

ಹೆಪ್ಪನ್ನು ಕರಗಿಸಲು ಹತ್ತು ದಿನ ಪ್ರಯೋಗಶಾಲೆಯಲ್ಲಿ ಒದ್ದಾಡಿದ. ಮೊಸರು ಹಾಲಾಗಲಿಲ್ಲ. ಕೊನೆಗೆ ಬೇರೆ ದಾರಿ ಹೊಳೆಯಿತು. ಬಿಟ್ಟು ಬಿಟ್ಟು ಊದುವ ಬಾಯಿಗೆ ಹೆಪ್ಪು ಅಂಟುವುದಿಲ್ಲವಲ್ಲ? ಒಂದೊಂದು ಸಾಲಿಗೆ ಅಂಥ ಒಂದೊಂದು ಪುಟ್ಟ ಬಾಯಿ ಕೂರಿಸಿದರೆ ಆಯಿತು. ಒಂದೇ ವಾರದ ಕೆಲಸ. ನಕ್ಷೆ ಹಿಡಿದು ವಿನುತಾಳ ಬಳಿಗೆ ಓಡಿದ.

ವಿನುತಾ ಕೆಟ್ಟವಳಲ್ಲ. ಐಶ್ವರ್ಯಾಳ ಮನೆಗೆ ಹೋಗಿ ಅತ್ತು ಬಂದಿದ್ದಳು. ನಕ್ಷೆಯನ್ನು ಪೂರ್ತಿ ನೋಡಿ ಕೇಳಿದಳು: “ಈ ಗಾಳಿ ಬಟ್ಟೆಗೆ ಹೋಗುತ್ತಾ ಸರ್?”

“ಇಲ್ಲ. ಮನುಷ್ಯರಿಗೆ.”

ಅವಳು ಮೇಜಿನ ಮೇಲಿದ್ದ ನಿಯಮದ ಪುಸ್ತಕ ತೆರೆದು ಅವನ ಕಡೆ ತಿರುಗಿಸಿದಳು. “ಮೊದಲನೇ ಸಾಲು ನಿಮ್ಮದೇ ಸರ್. ಇದನ್ನು ಹಾಕಿದರೆ ಕೊಳವೆಯ ಲೆಕ್ಕದಲ್ಲಿ ಸೋರಿಕೆ ಅಂತಲೇ ಕಾಣುತ್ತೆ. ನಮ್ಮ ಪ್ರಮಾಣಪತ್ರ ಹೋಗುತ್ತೆ, ಕರೆಂಟು ಹೋಗುತ್ತೆ, ಮಿಲ್ಲು ಮುಚ್ಚುತ್ತೆ. ನೀವು ಬೆಳೆದ ಬೀದಿ ಥರ ಇನ್ನೊಂದು ಬೀದಿ ಆಗುತ್ತೆ. ನಿಯಮ ತಿದ್ದಿಸಿಕೊಂಡು ಬನ್ನಿ, ನಾಳೆಯೇ ಹಾಕಿಸ್ತೀನಿ.”

ಅವನು ಸರ್ಕಾರಕ್ಕೆ ಬರೆದ. ‘ಪರಿಶೀಲಿಸಲಾಗುವುದು’ ಎಂದು ಉತ್ತರ ಬಂತು. ಮತ್ತೆ ಬರೆದ. ಅದೇ ಉತ್ತರ ಬಂತು. ಅಷ್ಟರಲ್ಲಿ ಬೇರೆ ಊರಿನ ಮಿಲ್ಲುಗಳಿಂದಲೂ ಇಂಥವೇ ಸಾವಿನ ಸುದ್ದಿಗಳು ಬರತೊಡಗಿದ್ದವು. ಅವನು ಪತ್ರಿಕೆ ತರಿಸುವುದನ್ನು ನಿಲ್ಲಿಸಿದ.

ಮೇ ತಿಂಗಳಲ್ಲಿ ದಾದಾಪೀರ್‌ನ ನಿವೃತ್ತಿಗೆ ಒಂದೇ ತಿಂಗಳು ಉಳಿದಿತ್ತು. “ಇನ್ನು ನನ್ನ ಏನ್ ಕಿತ್ಕಂತಾರ?” ಎಂದು ಅವನು ದಿನಾ ಮಧ್ಯಾಹ್ನ ಮೂರಕ್ಕೆ ಕೈಡ್ರಿಲ್ಲು ಹಿಡಿದು ನಾಲ್ಕನೇ ಕಂಬದ ಹತ್ತಿರ ಬರುತ್ತಿದ್ದ. ಆ ಕೊಳವೆಯಲ್ಲಿ ಒಂದು ಹೊಸ ತೂತು ಕೊರೆಯುತ್ತಿದ್ದ. ಹೆಂಗಸರು ಸಾಲಾಗಿ ನಿಲ್ಲುತ್ತಿದ್ದರು. ಕೊಟ್ರೇಶ ಕೈಗಡಿಯಾರ ಹಿಡಿದು ಪಕ್ಕದಲ್ಲಿ ನಿಂತು ಎಣಿಸುತ್ತಿದ್ದ. ಒಂಬತ್ತು ನಿಮಿಷವನ್ನು ಎಪ್ಪತ್ತು ಜನರಿಗೆ ಹಂಚಿದರೆ ತಲೆಗೆ ಏಳು ಸೆಕೆಂಡು ಚಿಲ್ಲರೆ. ಮುಖ ಒಡ್ಡಿ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಸರದಿ ಮುಗಿಯುತ್ತಿತ್ತು. ತನ್ನ ಹೆಪ್ಪು ಒಂದು ದಿನವಾದರೂ ತಪ್ಪಲಿ, ಒಂದು ನಿಮಿಷವಾದರೂ ತಡವಾಗಲಿ ಎಂದು ಅವನು ಕಂಡ ದೇವರಿಗೆಲ್ಲ ಮೊರೆಯಿಡುತ್ತಿದ್ದ. ಅದು ಒಮ್ಮೆಯೂ ತಪ್ಪಲಿಲ್ಲ.

ಒಂದು ದಿನ ಸಾಲಿನ ಕೊನೆಯವಳು ಮುಂದೆ ಬರುವಷ್ಟರಲ್ಲಿ ಸದ್ದು ಎಳೆಯಷ್ಟಾಗಿ ನಿಂತುಹೋಯಿತು. ಅವಳು ಮುಖ ಒಡ್ಡಿಕೊಂಡೇ ನಿಂತಿದ್ದಳು.

“ಮುಗೀತೇನ್ರಿ ಸರ್?”

“ಮುಗೀತಮ್ಮ.”

ಅವಳು ಆ ಹೊಸ ಹಕ್ಕಳೆಯನ್ನು ಬೆರಳಿನಿಂದ ಒಮ್ಮೆ ಮುಟ್ಟಿ ತನ್ನ ಮಗ್ಗಕ್ಕೆ ವಾಪಸ್ಸು ಹೋದಳು.

ಇದೆಲ್ಲ ಆಗಲು ಇನ್ನೂ ಮೂವತ್ತು ಚಿಲ್ಲರೆ ವರ್ಷಗಳಿವೆ. ಐಶ್ವರ್ಯಾ ಈಗ ಯಾವುದೋ ಶಾಲೆಯಲ್ಲಿ ಅಆಇಈ ತಿದ್ದುತ್ತಿರಬೇಕು. ಮಿಲ್ಲುಗಳ ಕೊಳವೆಗಳು ಇವತ್ತಿಗೂ ಸೋರುತ್ತಲೇ ಇವೆ, ರಜೆಯ ದಿನ ಹೋದರೆ ಯಾರಿಗಾದರೂ ಕೇಳಿಸುತ್ತದೆ. ಸೋರಿಕೆ ಎಣಿಸುವವರು ಯಂತ್ರ ಹಿಡಿದು ಬರುತ್ತಾರೆ, ಒಂದೊಂದು ತೂತಿಗೂ ಕೆಂಪು ಚೀಟಿ ಕಟ್ಟುತ್ತಾರೆ. ಅವರು ಮಾಡುವುದು ಸರಿಯಾದ ಕೆಲಸವೇ. ಅವರ ಕೈಯಲ್ಲಿರುವ ನಮೂನೆಯಲ್ಲಿ ತೂತು ಎಲ್ಲಿದೆ, ಎಷ್ಟು ಅಗಲವಿದೆ, ವರ್ಷಕ್ಕೆ ಎಷ್ಟು ಕರೆಂಟು ಪೋಲಾಗುತ್ತದೆ ಎಂದು ತುಂಬಲು ಜಾಗವಿದೆ. ಅಲ್ಲಿ ಯಾರು ಬಂದು ನಿಲ್ಲುತ್ತಾರೆ ಎಂದು ಬರೆಯಲು ಜಾಗ ಬಿಟ್ಟಿಲ್ಲ.