ಹಿಂದಿನ ಸಾಲಿಗೆ ಬಾರದ ನೀರು

ಬೆಳಿಗ್ಗೆ ಹಸಿರುಮನೆಯ ಬಾಗಿಲು ತೆಗೆದ ಮನೂಸೋಸ್ ಕೂಡಲೇ ಠಾಣೆಗೆ ಫೋನ್ ಮಾಡಿದ. ಮುಂದಿನ ಸಾಲುಗಳ ದೊಣ್ಣೆ ಮೆಣಸಿನ ಗಿಡಗಳೆಲ್ಲ ಎಲೆಯಂಚು ಸುಟ್ಟು ಜೋತುಬಿದ್ದಿದ್ದವು.

ಠಾಣೆಯಿಂದ ಪೊಲೀಸ್ ಅಧಿಕಾರಿ ಅರ್ಗಿರೋ ಒಬ್ಬಳೇ ಬಂದಳು. ಗ್ರೀಸಿನ ಕ್ರೀಟ್ ದ್ವೀಪದ ಈ ದಕ್ಷಿಣ ದಂಡೆಗೆ ವರ್ಗವಾದಾಗಿನಿಂದ ಅವಳು ಎಲ್ಲಕ್ಕೂ ಒಬ್ಬಳೇ. ಅವಳು ಕಾಫಿ ಅಂಗಡಿಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಕರೆದು ಊಟಕ್ಕಿಡುತ್ತಿದ್ದವಳೆಂದರೆ ವಿಧವೆ ಎವಾಂಥಿಯಾ. ಅವಳ ಹಿತ್ತಿಲು ಈ ಹಸಿರುಮನೆಯ ಎಡಕ್ಕೇ ಇತ್ತು.

"ವಿಷ ಹಾಕಿದಾನೆ ಮೇಡಂ, ಆ ಸಿಫಿಸ್!" ಮನೂಸೋಸ್ ಬಲಗಡೆಯ ಆಡಿನ ದೊಡ್ಡಿಯತ್ತ ಕೈ ತೋರಿಸಿದ. "ಬೇಲಿ ಜಗಳದಲ್ಲಿ ಸುಟ್ಟುಹಾಕ್ತೀನಿ ಅಂದಿದ್ದ."

"ನಿನ್ನನ್ನ ಅಂದಿದ್ದೆ ಕಣೋ!" ಬೇಲಿಯಾಚೆಯಿಂದ ಸಿಫಿಸ್ ಕೂಗಿದ. "ಗಿಡ ನಂಗೇನು ಮಾಡಿತ್ತು?"

\* \* \*

ಅರ್ಗಿರೋ ಹಿಂದಿನ ಸಾಲುಗಳವರೆಗೂ ನಡೆದಳು. ಅಲ್ಲಿನ ಗಿಡಗಳು ಸುಟ್ಟಿರಲಿಲ್ಲ. ಹಳದಿಯಾಗಿ, ಕುಳ್ಳಗೆ ನಿಂತಿದ್ದವು.

"ಇವಕ್ಕೇನಾಗಿದೆ?"

"ಸಾರಜನಕ ಸಾಲ್ತಿಲ್ಲ. ಅದಕ್ಕೇ ಹೋದ ವಾರ ಗೊಬ್ಬರ ದುಪ್ಪಟ್ಟು ಮಾಡಿದೆ. ಡ್ರಿಪ್ ನೀರಲ್ಲೇ ಬಿಡೋದು."

"ಚೇತರಿಸಿಕೊಂಡ್ವಾ?"

"ಎಲ್ಲಿ!"

ಅರ್ಗಿರೋ ಸಾಲಿಗೊಂದರಂತೆ ಹನಿ ಬೀಳುವ ಕಡೆ ಲೋಟವಿಟ್ಟು ನೀರು ಬಿಡಿಸಿದಳು. ಮುಂದಿನ ಲೋಟಗಳು ತುಂಬಿದವು. ನಡುವಿನಿಂದಾಚೆ ಬರೀ ತಳ ಒದ್ದೆ.

"ವಿಷ ಅಲ್ಲ. ನಡುವೆ ನೀರು ಕಳೆದುಹೋಗ್ತಿದೆ. ಹಿಂದಿನವಕ್ಕೆ ಉಪವಾಸ. ನೀವು ಹೆಚ್ಚಿಗೆ ಕೊಟ್ಟ ಗೊಬ್ಬರ ಮುಂದಿನವೇ ಕುಡಿದು ಸುಟ್ಟುಹೋದ್ವು."

"ಸೋರಿದ್ರೆ ನೆಲ ಒದ್ದೆ ಇರ್ಬೇಕಲ್ಲ?"

ನೆಲ ಒಣಗಿತ್ತು. ಹಾಗಾದರೆ ಯಾರೋ ನೀರು ಎಳೆದುಕೊಳ್ಳುತ್ತಿದ್ದಾರೆ. ಸಿಫಿಸನ ದೊಡ್ಡಿಯಲ್ಲಿ ಧೂಳು ಹಾರುತ್ತಿತ್ತು. ಅರ್ಗಿರೋಗೆ ಎಡಗಡೆ ನೋಡುವ ಮನಸ್ಸಾಗಲಿಲ್ಲ.

\* \* \*

"ಬಾ ಮಗಳೇ, ಸೂಪ್ ಬಿಸಿ ಇದೆ," ಎಂದಳು ಎವಾಂಥಿಯಾ. ಹಿತ್ತಿಲಲ್ಲಿ ಅವಳ ತಲೆಯ ಮೇಲಿನ ಚಪ್ಪರಕ್ಕೆ ಹುರುಳಿಕಾಯಿ ಬಳ್ಳಿ ಕಡುಹಸಿರಾಗಿ ಹಬ್ಬಿತ್ತು.

"ಕಾಯಿ ಬಿಡ್ತಾ, ದೊಡ್ಡಮ್ಮ?"

"ಇಲ್ಲ ಕಣೆ, ಬರೀ ಎಲೆ."

"ಸಾರಜನಕ ಅತಿಯಾದ್ರೆ ಹಾಗೇ. ಗೊಬ್ಬರ ನೀವು ಕೊಂಡಿಲ್ಲ. ನಿಮ್ಮ ಬಾವಿ ನೀರು ಉಪ್ಪಾಗಿದೆ ಅಂತ ನೀವೇ ಹೇಳಿದ್ರಿ. ಮತ್ತೆ ಇದು ಏನು ಕುಡಿದು ಬೆಳೀತು?"

ಅರ್ಗಿರೋ ಗೋಡೆಯ ಬುಡದ ಮಣ್ಣು ಸರಿಸಿದಳು. ಮನೂಸೋಸನ ಪೈಪಿನಿಂದ ಕವಲೊಡೆದ ಕಪ್ಪು ಕೊಳವೆ ಕಾಣಿಸಿತು.

"ನೀರು ಮಾತ್ರ ತಗೊಂಡೆ. ಅದ್ರಲ್ಲಿ ಗೊಬ್ಬರ ಇರೋದು ಗೊತ್ತಿರ್ಲಿಲ್ಲ."

"ಕೇಳ್ಬಹುದಿತ್ತಲ್ಲ?"

"ಯಾರನ್ನ? ನನ್ನ ಗಂಡ ಹೋದ ಮೇಲೆ ಆ ಮನೂಸೋಸ್ ನನ್ನ ಮುಖ ಕೂಡ ನೋಡಿಲ್ಲ."

"ನನಗಾದ್ರೂ ಹೇಳ್ಬಹುದಿತ್ತು."

"ಹೇಳಿದ್ರೆ ನೀನೂ ಬರೋದು ಬಿಡ್ತೀಯ ಅಂತ ಹೆದರಿದೆ."

ಅರ್ಗಿರೋ ಮನೂಸೋಸನನ್ನು ಕರೆಸಿದಳು. ಅವನೆದುರೇ ಎವಾಂಥಿಯಾ ಕೊಳವೆ ಕಿತ್ತು ಕೆಳಗಿಟ್ಟು, ತಲೆ ತಗ್ಗಿಸಿ ತಪ್ಪೊಪ್ಪಿಕೊಂಡಳು. ಅರ್ಗಿರೋ ಅವಳ ಮೇಲೆ ದೂರು ದಾಖಲಿಸಿದಳು.

ಭಾನುವಾರ ಅರ್ಗಿರೋ ಎಂದಿನಂತೆ ಎವಾಂಥಿಯಾಳ ಮನೆಗೆ ಹೋಗಿ ಬಾಗಿಲು ತಟ್ಟಿದಳು. ಒಳಗೆ ಹೆಜ್ಜೆ ಸದ್ದು ಬಾಗಿಲವರೆಗೂ ಬಂತು, ನಿಂತಿತು, ಹಿಂದಕ್ಕೆ ಹೋಯಿತು.