ಗೋಡೆಬಿರುಕಿನ ಕೂದಲು

“ಕೂದ್ಲ ಒಂದು ಸೇರಿಸಬ್ಯಾಡ ನೋಡವ್ವಾ,” ಎಂದಳು ಗಾಳೆಮ್ಮ. “ನಿಂಬಿಹಣ್ಣು ಇಡು, ಕುಂಕುಮ ಚೆಲ್ಲು, ನಿನ್ನ ಖುಷಿ. ಕೂದ್ಲ ಸೇರಿತಂದ್ರ ಅದು ಯಾರ ತಲಿದೋ ಅವರನ್ನ ಹುಡುಕ್ಕೊಂಡು ಹೊಕ್ಕತಿ. ಆಮ್ಯಾಲ ಇದು ನಾಟಕ ಅಂದ್ರ ಅದು ಕೇಳಂಗಿಲ್ಲ.”

ಕೊಟ್ಟೂರಿನ ಬಜಾರದ ಮೂಲೆಯಲ್ಲಿ ಗೋಣಿಚೀಲ ಹಾಸಿಕೊಂಡು ನಿಂಬೆಹಣ್ಣು, ಕುಂಕುಮ, ಕರಿದಾರ ಮಾರುವ ಮುದುಕಿ ಗಾಳೆಮ್ಮ. ಮೂರನ್ನೂ ಒಟ್ಟಿಗೇ ಕೇಳಿದ ಅರ್ಚನಾಳ ಮುಖ ನೋಡಿಯೇ ಅವಳಿಗೆ ವಾಸನೆ ಹತ್ತಿತ್ತು. ಅರ್ಚನಾ ಕಿಸಕ್ಕನೆ ನಕ್ಕಳು.

“ನಿಮ್ಮ ಮಂತ್ರಕ್ಕೆ ಅಷ್ಟು ಶಕ್ತಿ ಇದ್ರೆ ಮೊದ್ಲು ನಿಮ್ಮ ಮಂಡಿನೋವು ವಾಸಿ ಮಾಡ್ಕಳ್ರಿ ಅಜ್ಜಿ. ಒಬ್ರನ್ನ ಹೆದರಿಸ್ಬೇಕು, ಅಷ್ಟೇ.”

ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿ ಈ ಊರಿಗೆ ಸೊಸೆಯಾಗಿ ಬಂದವಳು ಅವಳು. ಮಾಟವೆಂಬುದೇ ಸುಳ್ಳು ಎಂದು ಎದೆ ತಟ್ಟಿ ಹೇಳುವವಳೇ ಮಾಟದ ಸಾಮಾನು ಕಟ್ಟಿಸಿಕೊಂಡು ಹೊರಟಿದ್ದಳು! ಹೊಟ್ಟೆಕಿಚ್ಚು ಹತ್ತಿಕೊಂಡ ಮೇಲೆ ಮನುಷ್ಯರಿಗೆ ಓದು ಎಲ್ಲಿ ನೆನಪಿರುತ್ತದೆ ಹೇಳಿ.

ಮಾವ ಕಟ್ಟಿಸಿದ ಮನೆ ನಡುವೆ ಗೋಡೆಯೆದ್ದು ಎರಡಾಗಿತ್ತು. ಆ ಕಡೆ ಭಾವ ಮರುಳಪ್ಪ, ಅವನ ಹೆಂಡತಿ ಸೌಭಾಗ್ಯ. ಈ ಕಡೆ ಅರ್ಚನಾ, ಗಂಡ ಅರುಣಕುಮಾರ್, ಮಗಳು ಸುಕನ್ಯಾ. ಈಗ ಎರಡು ಭಾಗವೂ ಮಾರಾಟಕ್ಕಿದ್ದವು. ಕೊಳ್ಳಲು ಬಂದವರು ಮಾತ್ರ ಒಂದೇ ಜೋಡಿ, ಅರಸೀಕೆರೆಯ ಮೇಷ್ಟ್ರು ಗಾದಿಲಿಂಗ ಮತ್ತು ಅವರ ಹೆಂಡತಿ ಗೀತಮ್ಮ. ಅವರಿಗೆ ಬೇಕಾದದ್ದು ಒಂದೇ ಭಾಗ.

ಕೈಯಲ್ಲಿ ಕಾಸಿರಲಿಲ್ಲ. ಅರ್ಚನಾ ತಾನೇ ಸುಣ್ಣಕ್ಕೆ ನೀಲಿ ಬೆರೆಸಿ ಗೋಡೆ ಬಳಿದಳು. ಕ್ಯಾಲೆಂಡರಿನ ಮೊಳೆಗಳನ್ನೆಲ್ಲ ಕಿತ್ತು ತೂತಿಗೆ ಸುಣ್ಣದ ಮುದ್ದೆ ಮೆತ್ತಿದಳು. ಕಡಪಾಕಲ್ಲಿನ ನೆಲವನ್ನು ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ಅಂಗೈ ಸುಲಿದುಕೊಂಡಳು. ತೇವ ಹಿಡಿದ ಮೂಲೆಗೆ ತನ್ನ ಮದುವೆಯ ಸೀರೆಯನ್ನೇ ಹರಿದು ಪರದೆ ಕಟ್ಟಿದಳು. ಗೀತಮ್ಮ ಬಂದು, ಎಲ್ಲ ನೋಡಿ, “ಹ್ಞೂ” ಅಂದು ಆ ಕಡೆಗೆ ಹೋದಳು. ಹೋದವಳು ಅಲ್ಲೇ ಕೂತುಬಿಟ್ಟಳು. ಸೌಭಾಗ್ಯ ಗೋಡೆಯ ಜೇಡರಬಲೆಯನ್ನೂ ತೆಗೆದಿರಲಿಲ್ಲ. ಮಂಡಕ್ಕಿ ಒಗ್ಗರಣೆ ಹಾಕಿ, ಮಿರ್ಚಿ ಕರಿದು ಕೊಟ್ಟಿದ್ದಳು, ಅಷ್ಟೇ. “ಮನಿ ಅಂದ್ರ ಇದು ನೋಡ್ರಿ!” ಎಂಬ ಗೀತಮ್ಮನ ಮಾತು ಗೋಡೆ ದಾಟಿ ಬಂತು.

ಅರ್ಚನಾ ತೆಂಗಿನ ನಾರನ್ನು ಮೂಲೆಗೆ ಎಸೆದಳು. ಯಾವತ್ತೂ ಹೀಗೇ. ಅತ್ತೆ ಸಾಯುವಾಗ ಹಿಡಿದದ್ದು ಸೌಭಾಗ್ಯಳ ಕೈ. ಹಾಲಿನವನು ಎರಡು ಮಾತು ಹೆಚ್ಚು ಆಡುವುದೂ ಆ ಬಾಗಿಲಲ್ಲೇ. ಹಾಳಾಗಿಹೋಗಲಿ, ಅದನ್ನೆಲ್ಲ ನುಂಗಬಹುದು. ಆದರೆ ಸುಕನ್ಯಾ? ತಾನು ಹೆತ್ತ ಮಗಳು! ಊಟಕ್ಕೆ, ಜಡೆಗೆ, ಕತೆಗೆ, ಜ್ವರ ಬಂದರೆ ಮಲಗುವುದಕ್ಕೆ, ಎಲ್ಲದಕ್ಕೂ “ದೊಡ್ಡವ್ವಾ” ಎಂದು ಆ ಕಡೆ ಓಡುತ್ತಿದ್ದಳು. ಮಕ್ಕಳಿಲ್ಲದ ಸೌಭಾಗ್ಯ ಮೊನ್ನೆ ನೇರವಾಗಿಯೇ ಕೇಳಿದ್ದಳು: “ಮನಿ ಮಾರಿದ ಮ್ಯಾಲ ನಾವು ಹರಪನಹಳ್ಳಿಗೆ ಹೊಕ್ಕೀವಿ. ಅಲ್ಲಿ ಚಲೋ ಶಾಲಿ ಐತಿ. ಸುಕನ್ಯಾ ನಮ್ಮ ಕೂಡ ಇರ್ಲಿ ಬಿಡು ಅರ್ಚನಾ.” ಅರುಣಕುಮಾರ್ ತಲೆ ಅಲ್ಲಾಡಿಸಿಯೂ ಆಗಿತ್ತು.

ಅವರ ಮನೆ ಮೊದಲು ಮಾರಿಹೋದರೆ ಮಗಳೂ ಹೋದಳು. ತಮ್ಮದು ಮೊದಲು ಹೋದರೆ ಹಗರಿಬೊಮ್ಮನಹಳ್ಳಿಯಲ್ಲಿ ಗಂಡನ ಅಂಗಡಿಯ ಮೇಲೇ ಸಂಸಾರ. ಅಲ್ಲಿ ದೊಡ್ಡವ್ವ ಇಲ್ಲ. ಮಗಳು ಪೂರಾ ತನ್ನವಳು. ಅರ್ಚನಾಳಿಗೆ ಬೇಕಿದ್ದುದು ಅದೊಂದೇ.

ಗೋಧಿಹಿಟ್ಟು ಕಲಸಿ ಗೊಂಬೆ ಮಾಡಿದಳು. ಅರಿಶಿನ ಬಳಿದಳು. ಗೋಡೆಯಿಂದ ಕಿತ್ತ ಮೊಳೆಗಳನ್ನೇ ಚುಚ್ಚಿದಳು, ಅದಕ್ಕೇಕೆ ಖರ್ಚು? ಆದರೂ ಬೋಳುತಲೆಯ ಗೊಂಬೆ ಮಕ್ಕಳ ಆಟಿಕೆಯ ಹಾಗೆ ಕಾಣುತ್ತಿತ್ತು. ಯಾರು ಹೆದರುತ್ತಾರೆ ಇದಕ್ಕೆ! ಹಿತ್ತಲಲ್ಲಿ ಸೌಭಾಗ್ಯಳ ಗೋಡೆಯ ಬಿರುಕಿನಲ್ಲಿ ಸಿಕ್ಕಿಸಿಟ್ಟ ಕೂದಲ ಉಂಡೆಯೊಂದಿತ್ತು. ಕೂದಲಿಗೆ ಸ್ಟೀಲ್ ಪಾತ್ರೆ ಕೊಡುವವನು ಬಂದಾಗ ಹಾಕಲೆಂದು ಹೆಂಗಸರು ಬಾಚಿದ ಕೂದಲನ್ನು ಹೀಗೆ ಕೂಡಿಡುವುದುಂಟು. ಗಾಳೆಮ್ಮನ ಮಾತು ನೆನಪಾಯಿತು. ಅರ್ಚನಾ ಮೂಗು ಮುರಿದಳು. ಹುಡುಕಿಕೊಂಡು ಹೋಗುವುದಾದರೆ ಹೋಗಲಿ, ಆ ಸೌಭಾಗ್ಯಳ ಹತ್ತಿರ ತಾನೇ? ಹಾಗೆಂದುಕೊಂಡಾಗ ಒಳಗೆಲ್ಲೋ ತಂಪೆನಿಸಿತು. ಕೂದಲನ್ನು ಗೊಂಬೆಯ ತಲೆಗೆ ಒತ್ತಿ, ಉಳಿದದ್ದನ್ನು ಕುತ್ತಿಗೆಗೆ ಬಿಗಿಯಾಗಿ ಸುತ್ತಿದಳು.

ಮರುದಿನ ಬೆಳಿಗ್ಗೆ ಮೋಡ ಮುಚ್ಚಿತ್ತು. ಮೇಷ್ಟ್ರು ಮುಂಗಡ ಕೊಡಲು ಬರುವ ಹೊತ್ತು ನೋಡಿ ಅರ್ಚನಾ ಗೊಂಬೆಯನ್ನು ಸೌಭಾಗ್ಯಳ ಹೊಸ್ತಿಲ ಮೇಲಿಟ್ಟು, ನಿಂಬೆಹಣ್ಣು ಹೋಳು ಮಾಡಿ, ಕುಂಕುಮ ಚೆಲ್ಲಿ ಬಂದಳು. ಸ್ವಲ್ಪ ಹೊತ್ತಿಗೆಲ್ಲ ಗೀತಮ್ಮ ಕಿಟಾರನೆ ಕಿರುಚಿದ್ದು ಕೇಳಿಸಿತು.

“ಅಯ್ಯ ಶಿವನಾ! ಈ ಮನಿ ಬ್ಯಾಡ್ರಿ, ನಡೀರಿ ನಡೀರಿ!”

“ಇಲ್ಲಿ ಬರ್ರಿ ಅಕ್ಕಾರೆ, ನಮ್ಮನೀಲಿ ನೀರು ಕುಡುದು ಹೋಗ್ರಿ,” ಎಂದು ಅರ್ಚನಾ ಬಾಗಿಲಲ್ಲಿ ನಿಂತು ಕರೆದಳು. ಆಗಲೇ ಲೋಟ ತುಂಬಿಟ್ಟಿದ್ದಳು.

ಅವರು ಒಳಗೆ ಕಾಲಿಟ್ಟರು. ಕರೆಂಟು ಹೋಯಿತು. ಹಸಿ ಸುಣ್ಣದ ವಾಸನೆ ಇದ್ದಕ್ಕಿದ್ದಂತೆ ಅಡಗಿತು. ಅದರ ಜಾಗದಲ್ಲಿ ಸುಟ್ಟ ಕೂದಲಿನ ಕಮಟು. ಕಿಟಕಿಯಿಲ್ಲದ ಒಳಕೋಣೆಯಲ್ಲಿ ಏನೋ ನೆಲಕ್ಕೆ ಬಡಿಯುತ್ತಿತ್ತು. ದಪ್. ದಪ್. ದಪ್.

ಅಲ್ಲಿ ಸುಕನ್ಯಾ ಮಲಗಿದ್ದಳು.

ಅರ್ಚನಾ ಓಡಿದಳು. ಕತ್ತಲು. ಕೈಗೆ ಮಗಳ ಕಾಲು ಸಿಕ್ಕಿತು. ಕಾಲು ನೆಲಕ್ಕೆ ಬಡಿಯುತ್ತಿತ್ತು. ಮೊಬೈಲಿನ ಬೆಳಕು ಹಾಕಿದಳು. ಮಗಳ ಎರಡೂ ಜಡೆ ಕುತ್ತಿಗೆಗೆ ಸುತ್ತಿಕೊಂಡಿದ್ದವು. ಬಿಡಿಸಲು ಎಳೆದಳು. ಬಿಗಿಯಾಯಿತು. ಮತ್ತೆ ಎಳೆದಳು. ಇನ್ನೂ ಬಿಗಿಯಾಯಿತು. ಕತ್ತರಿ ತಂದಳು. ಕತ್ತರಿ ತುಂಡಾಯಿತು, ಕೂದಲು ತುಂಡಾಗಲಿಲ್ಲ. ಅದು ಅಂಗೈಯೊಳಗೆ ಹುಳದಂತೆ ಮಿಸುಕಿತು. ಮಗಳ ತುಟಿ ನೀಲಿಯಾಗಿತ್ತು.

“ಸುಕನ್ಯಾ! ಏನಾತೇ ಕೂಸಿಗೆ?” ಸೌಭಾಗ್ಯ ಗೊಂಬೆಯನ್ನು ಕೈಯಲ್ಲಿ ಹಿಡಿದೇ ಒಳಗೆ ನುಗ್ಗಿದಳು.

“ಗೋಡಿಯಾಗಿನ ಕೂದ್ಲ... ಅದು ನಿಂದಲ್ವಾ ಅಕ್ಕ? ನಿಂದು ಅಂತ ಹೇಳೇ!”

ಸೌಭಾಗ್ಯ ಗೊಂಬೆಯನ್ನು ನೋಡಿದಳು. ಅರ್ಚನಾಳನ್ನು ನೋಡಿದಳು. “ಸುಕನ್ಯಾಂದು,” ಎಂದಳು. “ದಿನಾ ಬಾಚಿದಾಗ ಕೂಡಿಟ್ಟಿದ್ದೆ. ಶಾಲಿಗೆ ಊಟದ ಡಬ್ಬಿ ಬೇಕು ಅಂದಿತ್ತು ಕೂಸು.”

ಹೊರಗೆ ಗದ್ದಲ ಕೇಳಿ ಜನ ಸೇರಿದ್ದರು. ಸಂಶಯ ಬಂದು ಆಗಲೇ ಬಜಾರದಿಂದ ಕುಂಟುತ್ತ ಬಂದಿದ್ದ ಗಾಳೆಮ್ಮ ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದಳು. ಒಳಗೆ ಬರಲಿಲ್ಲ.

“ಇಟ್ಟಾಕಿನಾ ವಾಪಸ್ ತಗೋಬೇಕು,” ಎಂದಳು. “ಬರಿಗೈಲಿ ಹೋಗಂಗಿಲ್ಲ ಅದು. ಏನ್ ಆಸಿಪಟ್ಟು ಇಟ್ಟಿದ್ದಿ, ಅದನ್ನ ಬಿಟ್ಟುಕೊಡು. ಬಾಯಿಬಿಟ್ಟು ಹೇಳು.”

ಅರ್ಚನಾ ಗೊಂಬೆಯನ್ನು ಕಿತ್ತುಕೊಂಡಳು. “ಮನಿ ಬ್ಯಾಡ! ಮಾರೋದು ಬ್ಯಾಡ! ತಗೋ!”

ಜಡೆ ಇನ್ನೊಂದು ಸುತ್ತು ಬಿಗಿಯಿತು. ಮಗಳ ಕಾಲು ಬಡಿಯುವುದು ನಿಂತಿತು.

“ಸುಳ್ಳು ಹೇಳಬ್ಯಾಡಲೇ ಅದಕ್ಕ!” ಗಾಳೆಮ್ಮ ಚೀರಿದಳು.

ಅರ್ಚನಾಳಿಗೆ ಗೊತ್ತಿತ್ತು. ಮನೆಯಲ್ಲ. ಯಾವತ್ತೂ ಮನೆಯಾಗಿರಲೇ ಇಲ್ಲ. ಗೊಂಬೆಯನ್ನು ಎದೆಗೊತ್ತಿಕೊಂಡಳು. ಮೊಳೆಗಳು ಚುಚ್ಚಿದವು. ಸೌಭಾಗ್ಯ ತೊಡೆಯ ಮೇಲೆಳೆದುಕೊಂಡಿದ್ದ ಮಗಳ ತಲೆ ಒಂದು ಪಕ್ಕಕ್ಕೆ ವಾಲಿತು.

“ನನ್ನ ಮಗ್ಳು...” ಎಂದಳು. “ನನ್ನ ಮಗ್ಳು ನನಗೆ ಬ್ಯಾಡ. ನನ್ನೋಳಾಗೋದು ಬ್ಯಾಡ. ಬದುಕ್ಲಿ.”

ಗೊಂಬೆ ಕೈಯಲ್ಲೇ ಪುಡಿಯಾಯಿತು. ಜಡೆಗಳು ಸಡಿಲಾಗಿ ಜಾರಿದವು. ಸುಕನ್ಯಾ ದೊಡ್ಡದಾಗಿ ಉಸಿರೆಳೆದು, ಕೆಮ್ಮಿ, ಕಣ್ಣು ಬಿಟ್ಟಳು. ಕರೆಂಟು ಬಂತು.

ಅರ್ಚನಾ ಅಳುತ್ತ, ನಗುತ್ತ, ಎರಡೂ ಕೈ ಚಾಚಿ ಮುಂದೆ ಬಂದಳು. ಹುಡುಗಿ ಹಿಂದಕ್ಕೆ ಸರಿದು ಸೌಭಾಗ್ಯಳ ಸೆರಗಿನೊಳಗೆ ಮುಖ ಹುದುಗಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಸೆರಗು ಸರಿಸಿ, ತನ್ನೆದುರು ಕೂತು ಅಳುತ್ತಿರುವ ಹೆಂಗಸನ್ನು ತಲೆಯಿಂದ ಕಾಲವರೆಗೆ ನೋಡಿದಳು. ಮುಖದಲ್ಲಿ ಗುರುತು ಹಿಡಿದ ಲಕ್ಷಣವಿರಲಿಲ್ಲ. ಆದರೆ ಒಳ್ಳೆಯ ಹುಡುಗಿ, ಕಂಡವರು ಅತ್ತರೂ ಅವಳಿಗೆ ಸಂಕಟವಾಗುತ್ತಿತ್ತು.

“ಅಳಬ್ಯಾಡ್ರಿ ಆಂಟಿ,” ಎಂದಳು.